ನನ್ನ ಕೊರಳಿಗೆ ಬಿದ್ದ ಗಂಡಮಾಲೆ

ನನ್ನನ್ನು ಭಾಲ್ಕಿಗೆ ಎರಡನೆಯ ಸಂಬಂಧಕ್ಕೆ ಕೊಟ್ಟಾಗ ನನಗೆ ಹದಿನೇಳು ತುಂಬಿತ್ತು. ಠಾಣಾ ಕುಶನೂರಿನ ನಮ್ಮ ಕಡೆ ಆ ಕಾಲಕ್ಕೆ ಅದು ತಡವೇ. ನಾನು ಚಿಕ್ಕವಳಿದ್ದಾಗ ಬಂದ ಪ್ಲೇಗಿನಲ್ಲಿ ತಾಯಿ ತೀರಿಕೊಂಡಿದ್ದಳು. ತಂದೆಗೆ ರೊಟ್ಟಿ ಬಡಿದು ಹಾಕುವವರು ಯಾರೂ ಇಲ್ಲವೆಂದು ನಾನು ಹಾಗೇ ಉಳಿದುಬಿಟ್ಟಿದ್ದೆ. ಅಣ್ಣನಿಗೆ ಹೆಂಡತಿ ಬಂದ ಮೇಲೆ ನನ್ನ ಮದುವೆಯ ಮಾತು ಎದ್ದಿತು. ಗಂಡನಿಗೆ ಭಾಲ್ಕಿಯ ಪೇಟೆಯಲ್ಲಿ ಕಾಳಿನ ಅಂಗಡಿ, ಊರ ಹೊರಗೆ ಹೊಲ. ಮನೆಯಲ್ಲಿ ತಾಯಿ, ನಾಲ್ಕು ವರ್ಷದ ಒಬ್ಬ ಮಗಳು. ಮೊದಲ ಹೆಂಡತಿ ಹಿಂದಿನ ವರ್ಷ ಜ್ವರ ಬಂದು ಸತ್ತಳೆಂದು ನಮಗೆ ಹೇಳಿದ್ದರು.

ಮದುವೆಯ ಮರುದಿನ ಮಧ್ಯಾಹ್ನ ಅತ್ತೆ ನನ್ನನ್ನು ನಡುಮನೆಯ ಹಿಂದಿನ ಕೋಣೆಗೆ ಕರೆದುಕೊಂಡು ಹೋದರು. ಕಲ್ಲಿನ ಗೋಡೆ, ಕಿಟಕಿಯಿಲ್ಲ. ಮಾಳಿಗೆಯಲ್ಲಿದ್ದ ಬೆಳಕಿಂಡಿಯಿಂದ ಅಂಗೈಯಗಲದ ಬಿಸಿಲು ನೆಲಕ್ಕೆ ಬಿದ್ದಿತ್ತು. ಅತ್ತೆ ಒಂದು ಕಪ್ಪು ದಾರವನ್ನು ನನ್ನ ಕೊರಳಿಗೆ ಕಟ್ಟಿದರು. ಅದರಲ್ಲಿ ಹುಣಸೆಬೀಜದಷ್ಟು ದೊಡ್ಡ ಬೆಳ್ಳಿಯ ತಗಡು, ತಗಡಿನ ಮೇಲೆ ಹೆಣ್ಣಿನ ಆಕೃತಿ. ಸತ್ತ ಸವತಿಯ ಟಾಕು, ಅವಳ ಗುರುತಿಗೆಂದು ಮಾಡಿಸಿದ ಬಿಲ್ಲೆ. ಮರಾಠಿ ಮನೆಗಳಲ್ಲಿದ್ದ ರೂಢಿ ಭಾಲ್ಕಿಯ ನಮ್ಮಂಥ ಲಿಂಗವಂತರ ಮನೆಗೂ ಹೊಕ್ಕಿತ್ತು.

“ಇಕಿ ನಿಮ್ಮಕ್ಕ,” ಅಂದರು. “ಕೊಳ್ಳಾಗ ಇಟ್ಕೋ. ಹೊಸ ಸೀರಿ ಉಟ್ಟರ ಮೊದಲ ಇಕಿಗೆ ತೋರ್ಸು. ಇಕಿಗೆ ಸಿಟ್ಟು ಬರಬಾರದು.”

ಆಮೇಲೆ ಬಾಗಿಲ ಪಕ್ಕದ ಮೂಲೆಯ ಕಡೆ ತಿರುಗಿದರು. “ನೋಡವಾ, ನಿನ್ನ ತಂಗಿ ಬಂದಾಳ. ನಿನ್ನ ಮಗಳ್ನ ಕಾಯ್ತಾಳ. ನೀ ಇನ್ನ ಹೋಗು.”

ಬರಿಯ ಗೋಡೆಗೆ ಹೇಳಿದ ಹಾಗೆ ಹೇಳಿದ್ದರೆ ನನಗೆ ಅಷ್ಟು ಅನ್ನಿಸುತ್ತಿರಲಿಲ್ಲ. ಅಲ್ಲಿ ನನ್ನಷ್ಟೇ ಎತ್ತರದ ಯಾರೋ ನಿಂತಿದ್ದಾರೆ ಎಂಬಂತೆ, ಸರಿಯಾಗಿ ಒಂದು ಮುಖದ ಮಟ್ಟಕ್ಕೆ ಕಣ್ಣಿಟ್ಟು ಹೇಳಿದರು.

ಆ ಕೋಣೆಯೇ ನನಗೂ ಮಗುವಿಗೂ ಮಲಗುವ ಕೋಣೆಯಾಯಿತು. ಹೊದೆಯಲು ಅವಳ ಹಳೆಯ ಸೀರೆಗಳಿಂದ ಹೊಲಿದ ಕೌದಿ. ಗೂಡಿನಲ್ಲಿ ಅವಳ ಬಾಚಣಿಕೆ, ಹಲ್ಲುಗಳ ನಡುವೆ ಇನ್ನೂ ಉದ್ದನೆಯ ಕೂದಲು. ನಾನು ಅದನ್ನು ತೆಗೆಯಲಿಲ್ಲ. ಅತ್ತೆಯೂ ತೆಗೆಯಲಿಲ್ಲ. ಗಂಡ ಒಳ್ಳೆಯ ಮನುಷ್ಯ, ಮಾತು ಕಡಿಮೆ. ಆ ಕೋಣೆಗೆ ಬಂದರೆ ಬಾಗಿಲ ಪಕ್ಕದ ಮೂಲೆಯನ್ನು ಮಾತ್ರ ನೋಡುತ್ತಿರಲಿಲ್ಲ. ಅವನು ನೋಡುವುದಿಲ್ಲವೆಂದೇ ನಾನು ನೋಡುತ್ತಿದ್ದೆ.

ಅತ್ತೆ ನನ್ನನ್ನು ಎಂದೂ ಗದರಿಸಿದವರಲ್ಲ. ಮೊಮ್ಮಗಳೆಂದರೆ ಜೀವ. ರೊಟ್ಟಿಯನ್ನು ತಮ್ಮ ಬಾಯಲ್ಲಿ ನುರಿದು, ಮೆತ್ತಗೆ ಮಾಡಿ, ಗುಬ್ಬಿ ಮರಿಗೆ ಕೊಟ್ಟ ಹಾಗೆ ಅವಳ ಬಾಯಿಗಿಡುವರು. ನನಗೂ ಎಷ್ಟೋ ಸಲ ಪಕ್ಕದಲ್ಲಿ ಕೂಡಿಸಿಕೊಂಡು ತಮ್ಮ ತಾಟಿನಲ್ಲೇ ಉಣಿಸಿದ್ದಾರೆ. ತಾಯಿಯಿಲ್ಲದ ನನಗೆ ಅದು ದೊಡ್ಡದಾಗಿತ್ತು.

ಎರಡನೆಯ ವರ್ಷದ ಬೇಸಿಗೆಯಲ್ಲಿ ಒಂದು ದಿನ ಲಿಂಗಪೂಜೆಗೆ ಕೂತಿದ್ದೆ. ಕೊರಳಿನ ಶಿವದಾರವನ್ನು ಸರಿಪಡಿಸುವಾಗ ಎಡಗಿವಿಯ ಕೆಳಗೆ ಬೆರಳಿಗೆ ಏನೋ ತಾಗಿತು. ತೊಗರಿಕಾಳಿನಷ್ಟು ಗಂಟು. ಒತ್ತಿದರೆ ಜಾರಿ ಪಕ್ಕಕ್ಕೆ ಹೋಯಿತು, ಬಿಟ್ಟರೆ ತಿರುಗಿ ಬಂದಿತು. ನೋವಿಲ್ಲ. ಚರ್ಮದ ಅಡಿಯಲ್ಲಿ ಯಾರೋ ಬೆರಳ ತುದಿ ಇಟ್ಟುಕೊಂಡು ನನ್ನ ಬೆರಳ ಜೊತೆ ಆಡುತ್ತಿರುವ ಹಾಗಿತ್ತು. ಹದಿನೈದು ದಿನಕ್ಕೆ ಅದರ ಕೆಳಗೆ ಇನ್ನೊಂದು, ಶ್ರಾವಣದ ಹೊತ್ತಿಗೆ ಬಲಗಡೆ ಎರಡು. ಟಾಕಿನ ಕಪ್ಪು ದಾರ ಎಲ್ಲಿ ಹಾದುಹೋಗಿತ್ತೋ ಅದೇ ಹಾದಿ ಹಿಡಿದು ಬರುತ್ತಿದ್ದವು.

ಬಾವಿಯ ಹತ್ತಿರ ಸೆರಗು ಜಾರಿದಾಗ ಒಬ್ಬ ಹೆಂಗಸು ಗಂಟುಗಳನ್ನು ಕಂಡಳು. ಕೊಡ ಅಲ್ಲೇ ಬಿಟ್ಟು ಹಿಂದೆ ಸರಿದಳು. “ಗಂಟ ಬ್ಯಾನಿ!” ಅಂದಳು. ಪ್ಲೇಗು ಅಂದರೆ ನಮ್ಮ ಕಡೆಗೆ ಗಂಟ ಬ್ಯಾನಿ. ಕಂಕುಳಲ್ಲಿ, ತೊಡೆಸಂದಿಯಲ್ಲಿ ಗಂಟು ಎದ್ದು ಮೂರು ದಿನಕ್ಕೆ ಮನುಷ್ಯನನ್ನು ಒಯ್ಯುವ ಬೇನೆ. ಊರಿಗೆ ಊರೇ ಮನೆ ಬಿಟ್ಟು ಹೊಲದಲ್ಲಿ ಜೋಪಡಿ ಹಾಕಿದ್ದು ಎಲ್ಲರಿಗೂ ನೆನಪಿತ್ತು. ಎಂಟು ದಿನ ನಮ್ಮ ಬಾಗಿಲಿಗೆ ಯಾರೂ ಬರಲಿಲ್ಲ. ತಹಶೀಲಿನ ಪೇದೆ ಬಂದು ಅಂಗಳದಲ್ಲೇ ನಿಂತು ವಿಚಾರಿಸಿ ಹೋದ. ಎಂಟು ದಿನವಾದರೂ ನಾನು ಸಾಯಲಿಲ್ಲ, ಜ್ವರವೂ ಏರಲಿಲ್ಲ. ಆಗ ಹೆಂಗಸರು ಒಬ್ಬೊಬ್ಬರಾಗಿ ಬಂದು ನೋಡಿ ಹೆಸರು ಬದಲಿಸಿದರು.

“ಇದು ಗಂಡಮಾಲಿ ನೋಡವಾ,” ಅಂದಳು ಪಕ್ಕದ ಮನೆಯ ಮುದುಕಿ. “ಗಂಡಗ ಹಾಕಿದ ಮಾಲಿ ಅಕಿ ಬಿಟ್ಟು ಹೋಗಿಲ್ಲ. ನಿನ್ನ ಕೊಳ್ಳಿಗೆ ಹಾಕ್ಯಾಳ.”

ಅವರೆಲ್ಲ ಹೋದ ಮೇಲೆ ನಾನು ಕೋಣೆಯಲ್ಲಿ ಮಲಗಿಕೊಂಡೆ. ಹೊರಗೆ ಮಳೆ ಬಿಟ್ಟು ಉರಿ ಬಿಸಿಲು, ಓಣಿಯಲ್ಲಿ ಒಂದು ಸಪ್ಪಳವಿಲ್ಲ. ಮಗು ಬಂದು ನನ್ನ ಪಕ್ಕದಲ್ಲಿ ಕೂತು ಕೊರಳ ಮೇಲೆ ಬೆರಳಾಡಿಸತೊಡಗಿತು. ಗಂಟುಗಳನ್ನು ಒಂದೊಂದಾಗಿ ಮುಟ್ಟಿತು, ತನಗೆ ಪರಿಚಯವಿದ್ದ ಹಾದಿಯಲ್ಲಿ ನಡೆದ ಹಾಗೆ.

“ನಮ್ಮವ್ವಗೂ ಇದ್ದವು,” ಅಂದಿತು. “ಇಲ್ಲೊಂದು. ಇಲ್ಲೊಂದು. ಇಲ್ಲೂ.”

“ನಿಮ್ಮವ್ವಗ ಏನಾಗಿತ್ತು?” ಎಂದು ಕೇಳಿದೆ.

“ಕೆಮ್ಮತಿದ್ಲು. ಆಮ್ಯಾಲ ಬಾಯಾಗಿಂದ ಕೆಂಪು ಬರ್ತಿತ್ತು.” ಹೀಗಂದು ಮಗು ನನ್ನ ಕೈ ಹಿಡಿದು ತನ್ನ ದವಡೆಯ ಕೆಳಗೆ ಇಟ್ಟುಕೊಂಡಿತು. “ನನಗೂ ಒಂದು ಅದ ನೋಡು.”

ಇತ್ತು. ಜೋಳದ ಕಾಳಿನಷ್ಟು. ನನ್ನ ಬೆರಳ ಕೆಳಗೆ ಜಾರಿತು.

ಅಂದು ಸಂಜೆ ಗಂಡನನ್ನು ಕೇಳಿದೆ. “ಅಕ್ಕ ಜ್ವರಲಿಂದ ಸತ್ತಿಲ್ಲ, ಹೌದಲ್ರಿ?” “ಕ್ಷಯ,” ಅಂದ. “ಹೇಳಿದ್ರ ನಿಮ್ಮಪ್ಪ ಕೊಡ್ತಿದ್ದಿಲ್ಲ.” ನನಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಅವಳು ಮೊದಲು ನನ್ನನ್ನು, ಆಮೇಲೆ ತನ್ನ ಮಗಳನ್ನು ಕರೆದುಕೊಂಡು ಹೋಗಲು ನಿಂತಿದ್ದಾಳೆ.

ಅತ್ತೆಗೂ ಅದೇ ಅನ್ನಿಸಿತ್ತು. ಔರಾದಿನಲ್ಲಿ ಗಂಡಮಾಲೆಗೆ ಮಂತ್ರ ಹಾಕುವ ಒಬ್ಬ ಮುದುಕನಿದ್ದ. ಬಂಡಿ ಹೂಡಿಸಿಕೊಂಡು ಅತ್ತೆ, ನಾನು, ಮಗು ಹೋದೆವು. ಮುದುಕ ನನ್ನನ್ನು ಅಂಗಳದ ಬಿಸಿಲಿನಲ್ಲಿ ಕೂಡಿಸಿದ. ಬೂದಿಯಿಂದ ಕೊರಳ ಸುತ್ತ ಗೆರೆ ಎಳೆದ. ಕುಡುಗೋಲನ್ನು ಚರ್ಮಕ್ಕೆ ತಾಗಿಸದೆ, ಬಳ್ಳಿ ಕಡಿದ ಹಾಗೆ ಗಂಟುಗಳ ಮೇಲೆ ಗಾಳಿಯಲ್ಲಿ ಕಡಿದ. ಬೇವಿನ ಹೊಗೆ ಹಾಕಿದ್ದ. ಬೆಳಗಿನಿಂದ ನಾನು ಏನೂ ತಿಂದಿರಲಿಲ್ಲ, ಒಳಗೊಳಗೆ ಸಣ್ಣ ಜ್ವರವೂ ಇತ್ತು.

“ಯಾರ್ ಇದ್ದಿ? ಯಾಕ ಹಿಡದಿ ಹೇಳು!” ಎಂದು ಮುದುಕ ಕೂಗಿದ.

ನಾನು ಬಾಯಿ ತೆರೆದದ್ದು ನನಗೆ ಗೊತ್ತಿಲ್ಲ. ಮಾತು ಮಾತ್ರ ಕೇಳಿಸಿತು, ಪಕ್ಕದಲ್ಲಿ ಕೂತ ಇನ್ನೊಬ್ಬಳು ಆಡಿದ ಹಾಗೆ. “ನನ್ನ ಮ್ಯಾಲ ಯಾಕ ಹಾಕ್ತಿರಿ? ನಾ ಹಿಡದಿಲ್ಲ. ಕೆಮ್ಮು ಮನ್ಯಾಗ ಅದ.”

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು. ಅದು ಅವಳ ದನಿಯೇ ಎಂದು ಆಮೇಲೆ ಹೇಳಿದರು. ಸಾಯುವ ಮೊದಲು ಹಾಗೇ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದಳಂತೆ. ನಾನು ಅವಳ ದನಿ ಕೇಳಿದವಳಲ್ಲ. ಆ ಮಾತು ಎಲ್ಲಿಂದ ಬಂದಿತೆಂದು ಇಂದಿಗೂ ನನ್ನಿಂದ ಹೇಳಲಾಗದು. ಎರಡು ವರ್ಷ ಹಗಲೂ ರಾತ್ರಿ ಆ ಮನೆಯಲ್ಲಿ ಕಿವಿ ತೆರೆದುಕೊಂಡೇ ಇದ್ದೆನಲ್ಲ, ತಿಳಿಯದೆ ನನಗೇ ತಿಳಿದಿದ್ದೀತು. ಮುದುಕ ಮಾತ್ರ ಕೆಮ್ಮು ಎಂದರೆ ಸತ್ತವಳ ಕೆಮ್ಮೇ, ಅವಳು ಇನ್ನೂ ಮನೆಯಲ್ಲೇ ಇದ್ದಾಳೆ ಎಂದು ಅರ್ಥ ಮಾಡಿದ. ಏಳು ಮಂಗಳವಾರ ಬರಬೇಕೆಂದು ಹೇಳಿದ.

ಮೂರನೆಯ ಮಂಗಳವಾರಕ್ಕೆ ನನ್ನ ಕಿವಿಯ ಕೆಳಗಿನ ಗಂಟು ಹಣ್ಣಾದ ಹಾಗೆ ಮೆತ್ತಗಾಗಿ, ಕೆಂಪಾಗಿ, ಒಡೆಯಿತು. ಒಳಗಿನಿಂದ ಬಂದದ್ದು ರಕ್ತವಲ್ಲ. ಒಡೆದ ಹಾಲಿನಂತೆ ತರಿತರಿಯಾದದ್ದು. ನೋವೂ ಹೆಚ್ಚಿರಲಿಲ್ಲ. ಗಂಡ ಅದನ್ನು ನೋಡಿ ಬಂಡಿಯ ಎತ್ತು ತಾನೇ ಹೂಡಿದ.

“ಇವತ್ತ ಔರಾದಕ್ಕಲ್ಲ, ಬಿದರಿಗೆ,” ಅಂದ. “ಅವ್ವಾ, ನೀನೂ ಬಾ. ಇನ್ನೊಬ್ಬಾಕಿನ್ನ ಮಣ್ಣಾಗ ಇಡಲಿಕ್ಕ ನನ್ನ ಕೈಲೆ ಆಗಂಗಿಲ್ಲ.”

ಬಿದರಿನ ದವಾಖಾನೆಯಲ್ಲಿ ಹೆಂಗಸರನ್ನು ನೋಡಲು ಒಬ್ಬ ಡಾಕ್ಟರಬಾಯಿ ಇದ್ದರು. ನಡುವಯಸ್ಸು, ಬಿಳಿ ಸೀರೆ, ಮರಾಠಿ ಮಂದಿಯಾದರೂ ನಮ್ಮ ಮಾತು ಚೆನ್ನಾಗಿ ಬರುತ್ತಿತ್ತು. ನನ್ನ ಕೊರಳು, ಕಂಕುಳು, ತೊಡೆಸಂದಿ ಎಲ್ಲ ಮುಟ್ಟಿ ನೋಡಿದರು. ಮಗುವಿನದನ್ನೂ ನೋಡಿದರು. ನಾನು ಟಾಕು ತೋರಿಸಿ ಎಲ್ಲ ಹೇಳಿದೆ. ಅವರು ನಗಲಿಲ್ಲ.

“ಕಾಲಿಗಿ ಮುಳ್ಳು ಮುರದ್ರ ತೊಡಿಸಂದ್ಯಾಗ ಗಡ್ಡಿ ಏಳ್ತದ, ಹೌದಿಲ್ಲ?” ಎಂದು ಕೇಳಿದರು.

“ಹೌದ್ರಿ.”

“ಯಾಕ ಏಳ್ತದ? ಮುಳ್ಳು ಇರೋದು ಕಾಲಾಗ.”

ಆಗ ಅವರು ಹೇಳಿದ್ದನ್ನು ನಾನು ಇವತ್ತಿಗೂ ಹಾಗೇ ಹೇಳಬಲ್ಲೆ. ಮೈಯಲ್ಲಿ ರಕ್ತ ಹರಿಯುವ ಹಾಗೆ ಇನ್ನೊಂದು ನೀರೂ ಹರಿಯುತ್ತದೆ, ಮಜ್ಜಿಗೆಯ ತಿಳಿಯ ಹಾಗೆ. ಕೂದಲಿಗಿಂತ ಸಣ್ಣ ಕಾಲುವೆಗಳಲ್ಲಿ, ಸಪ್ಪಳವಿಲ್ಲದೆ, ನಿಧಾನಕ್ಕೆ. ಮಾಂಸದ ಸಂದುಗೊಂದಿಗಳಲ್ಲಿ ಸೋರಿದ್ದನ್ನು ಬಳಿದುಕೊಂಡು ಎದೆಯ ಹತ್ತಿರ ಬಂದು ಮತ್ತೆ ರಕ್ತಕ್ಕೆ ಕೂಡುತ್ತದೆ. ಆ ಕಾಲುವೆ ಕೆಟ್ಟರೆ ನೀರು ನಿಂತು ಕಾಲು ಆನೆಯ ಕಾಲಾಗುತ್ತದೆ. ಹಾದಿಯಲ್ಲಿ ಅಲ್ಲಲ್ಲಿ ಗಂಟುಗಳಿವೆ; ಅವು ಹುಟ್ಟಿದಾಗಿನಿಂದ ಎಲ್ಲರಲ್ಲೂ ಇರುವವೇ. ನೀರಿನ ಜೊತೆ ಬಂದ ಹೊಲಸನ್ನು ಅವು ಹಿಡಿದಿಟ್ಟುಕೊಂಡು ಕಾದಾಡುತ್ತವೆ. ಕಾದಾಡುವಾಗ ಉಬ್ಬುತ್ತವೆ. ಪ್ಲೇಗಿನ ಗಂಟೂ ಹಾಗೆಯೇ, ಆದರೆ ಅಲ್ಲಿ ಗಂಟು ಸೋಲುತ್ತದೆ, ಬೇಗ ಸೋಲುತ್ತದೆ.

“ನಿನ್ನ ಗಂಟು ಇನ್ನಾ ಸೋತಿಲ್ಲ,” ಅಂದರು. “ಗಂಟಲದಾಗ ಹೊಕ್ಕ ರೋಗ ಎದಿಗಿ ಇಳೀಬಾರದಂತ ಕೊಳ್ಳಾಗ ಹಿಡದು ನಿಂತಾವ. ನೀ ಅವಕ್ಕ ಬೈಬ್ಯಾಡ.”

ನನ್ನ ಕೈ ತಾನಾಗಿ ಕೊರಳಿಗೆ ಹೋಯಿತು. ಎಷ್ಟು ತಿಂಗಳಿಂದ ಅವನ್ನು ಅವಳ ಬೆರಳುಗಳೆಂದು ತಿಳಿದು, ಮುಟ್ಟಲೂ ಹೇಸಿ ಮಲಗಿದ್ದೆ.

“ಹಂಗಾದ್ರ ರೋಗ ಎಲ್ಲಿಂದ ಬಂತ್ರಿ?” ಎಂದು ಗಂಡ ಕೇಳಿದ. “ಅಕಿ ಸತ್ತು ಮೂರು ವರ್ಷ ಆಗ್ಲಿಕ್ಕ ಬಂತು.”

ಡಾಕ್ಟರಬಾಯಿ ಬಾಗಿಲ ಕಡೆ ನೋಡುತ್ತಿದ್ದರು. ಅಲ್ಲಿ ಕಟ್ಟೆಯ ಮೇಲೆ ಅತ್ತೆ ಮಗುವನ್ನು ತೊಡೆಯ ಮೇಲೆ ಕೂಡಿಸಿಕೊಂಡಿದ್ದರು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಸಣ್ಣಗೆ ಕೆಮ್ಮಿದರು. ಆ ಕೆಮ್ಮು ನನಗೆ ಎಷ್ಟು ರೂಢಿಯಾಗಿತ್ತೆಂದರೆ ಆ ಹೊತ್ತಿನವರೆಗೆ ನಾನು ಅದನ್ನು ಕೇಳಿಸಿಕೊಂಡೇ ಇರಲಿಲ್ಲ. ಮನೆಗೆ ಬಂದ ಮೊದಲ ದಿನದಿಂದ ಅದು ಅಲ್ಲಿತ್ತು. ಬಾಗಿಲ ಕೀಲಿನ ಸಪ್ಪಳದ ಹಾಗೆ.

“ಆಯಿ, ಎಷ್ಟ ದಿನಾ ಆಯ್ತು ಈ ಖಾಂಸಿ?” ಎಂದು ಡಾಕ್ಟರಬಾಯಿ ಕೇಳಿದರು.

“ಇದಾ? ಹತ್ತು ವರ್ಷ ಆಗಿರಬೇಕ್ರಿ. ಹೊಗಿ ಕುಡದು ಕುಡದು ಬಂದದ್ದು. ಒಲಿ ಮುಂದ ಕೂಡೋರಿಗಿ ಇರೋದೇ ಅಲ್ಲೇನ್ರಿ.”

ಅವರಿಗೆ ಒಂದು ಸಣ್ಣ ಬಟ್ಟಲಲ್ಲಿ ಉಗುಳಲು ಹೇಳಿದರು. ಮರುದಿನ ಬರಹೇಳಿದರು. ನಾವು ಪರಿಚಯದವರ ಮನೆಯ ಜಗಲಿಯಲ್ಲಿ ಇಳಿದುಕೊಂಡೆವು. ಅತ್ತೆ ಎಂದಿನಂತೆ ಮಗುವಿಗೆ ರೊಟ್ಟಿ ನುರಿಯಲು ಹೊರಟರು. ನಾನು ಏನೂ ಹೇಳದೆ ಮಗುವನ್ನು ಎತ್ತಿಕೊಂಡು ಹಾಲಿನಲ್ಲಿ ರೊಟ್ಟಿ ನೆನೆಸಿ ಕೊಟ್ಟೆ. ಅವರು ನನ್ನನ್ನು ನೋಡಿದರು. ಬಾಯಲ್ಲಿದ್ದ ತುತ್ತು ಹಾಗೇ ನಿಂತಿತ್ತು.

ಮರುದಿನ ಡಾಕ್ಟರಬಾಯಿ ಅತ್ತೆಯನ್ನು ಒಳಗೆ ಕರೆದು, ಸಣ್ಣದನ್ನು ದೊಡ್ಡದು ಮಾಡಿ ತೋರಿಸುವ ಯಂತ್ರದ ಮುಂದೆ ನಿಲ್ಲಿಸಿದರು. ಮುಚ್ಚುಮರೆ ಮಾಡುವವರಲ್ಲ ಅವರು. ಅತ್ತೆ ಒಂದು ಕಣ್ಣು ಮುಚ್ಚಿಕೊಂಡು ಬಗ್ಗಿ ನೋಡಿದರು. ಆಮೇಲೆ ನಾನೂ ನೋಡಿದೆ. ನೀಲಿ ನೆಲದ ಮೇಲೆ ಕೆಂಪು ಗೀರುಗಳು, ಯಾರೋ ಸೂಜಿಯಿಂದ ಗೀರಿದ ಹಾಗೆ.

“ಇವು ಜೀವ ಅದಾವೇನ್ರಿ?” ಅಂದರು ಅತ್ತೆ.

“ಗಾಜಿನ ಮ್ಯಾಲ ಇದ್ದವು ಸತ್ತಾವ. ನಿಮ್ಮ ಎದಿಯಾಗ ಇದ್ದವು ಅದಾವ.”

ಅತ್ತೆ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದರೆಂದು ಕಾಣುತ್ತದೆ: ಮೊದಲ ಸೊಸೆ, ಆಮೇಲೆ ನಾನು, ಆಮೇಲೆ ಮಗು. ತಾವು ಉಣಿಸಿದವರು ಎಲ್ಲರೂ. ಕೊನೆಗೆ ಕೇಳಿದ್ದು ಒಂದೇ ಮಾತು.

“ಹಂಗಾದ್ರ ಅಕಿ ಯಾರಿಗೂ ಏನೂ ಮಾಡಿಲ್ಲ?”

“ಇಲ್ಲ, ಆಯಿ.”

ಡಾಕ್ಟರಬಾಯಿ ನನ್ನ ಗಂಟನ್ನು ಕೊಯ್ದು, ತೊಳೆದು, ಪಟ್ಟಿ ಕಟ್ಟಿದರು. ಚೀಟಿಯನ್ನು ಉರ್ದುವಿನಲ್ಲಿ ಬರೆದು ಬಾಯಲ್ಲಿ ನಮಗೆ ತಿಳಿಸಿ ಹೇಳಿದರು. ಗಾಳಿ ಬಿಸಿಲಿರುವ ಕಡೆ ಮಲಗಬೇಕು, ಕಾಯಿಸಿದ ಹಾಲು ಕುಡಿಯಬೇಕು, ಹಾಸಿಗೆ ಹೊದಿಕೆ ಕುದಿಸಬೇಕು. ಮಗುವಿಗೆ ದಿನಾ ಎರಡು ಚಮಚ ಮೀನಿನ ಎಣ್ಣೆ. ಅದನ್ನು ಕೇಳಿ ಗಂಡ ಕೊರಳಿನ ಲಿಂಗವನ್ನು ಕೈಯಲ್ಲಿ ಹಿಡಿದುಕೊಂಡ. ನಮ್ಮ ಮನೆಯಲ್ಲಿ ಮೀನೆಂಬ ಮಾತೂ ಆಡುತ್ತಿರಲಿಲ್ಲ. ಅವರು ಮುಂದಿಟ್ಟ ಎಣ್ಣೆಯ ಬಾಟಲಿಯನ್ನು ಯಾರೂ ಮುಟ್ಟಲಿಲ್ಲ. ಅತ್ತೆಯೇ ಅದನ್ನು ಎತ್ತಿ ನನ್ನ ಕೈಗಿಟ್ಟರು.

“ಕುಡಸು,” ಅಂದರು. “ನಾ ಕೊಟ್ಟಿದ್ದು ತೊಳೀಲಿಕ್ಕ ಏನ್ ಬೇಕೋ ಅದು ಕುಡಸು. ಪಾಪ ಇದ್ರ ನನಗ ಇರ್ಲಿ.”

ಭಾಲ್ಕಿಗೆ ಬಂದ ಮೇಲೆ ಬಂಡಿ ಊರ ಬಾಗಿಲಿಗೆ ಹೋಗುವ ಮುಂಚೆ ಅತ್ತೆ ಇಳಿದುಬಿಟ್ಟರು. ನಮ್ಮ ಹೊಲದಲ್ಲಿ ಕಾವಲಿಗೆಂದು ಹಾಕಿದ್ದ ಒಂದು ಗುಡಿಸಲಿತ್ತು. ಅಲ್ಲಿಗೆ ನಡೆದರು. ಗಂಡ ಹಿಂದೆ ಓಡಿದ, ಕಾಲು ಹಿಡಿದ. ಮನೆಯಲ್ಲೇ ಬೇರೆ ಕೋಣೆ ಮಾಡೋಣವೆಂದ. ಅವರು ಕೇಳಲಿಲ್ಲ. ಅಂದಿನಿಂದ ಒಂದು ವರ್ಷ ಮೂರು ತಿಂಗಳು ಅವರು ಊರೊಳಗೆ ಕಾಲಿಡಲಿಲ್ಲ. ನಾನು ದಿನಾ ಬುತ್ತಿ ಒಯ್ಯುತ್ತಿದ್ದೆ. ಬೇವಿನ ಮರದ ಬುಡದಲ್ಲಿ ಇಟ್ಟು ಹಿಂದೆ ಸರಿದ ಮೇಲೆ ಅವರು ಬಂದು ಎತ್ತಿಕೊಳ್ಳುತ್ತಿದ್ದರು. ಮಗು ಬದುವಿನ ಮೇಲೆ ನಿಂತು ಆಯಿ ಎಂದು ಕೂಗುತ್ತಿತ್ತು. ಅವರು ಅಲ್ಲಿಂದಲೇ ಕೈ ಬೀಸುತ್ತಿದ್ದರು. ಹತ್ತಿರ ಬಂದರೆ ಕಲ್ಲು ಎತ್ತಿಕೊಂಡು ಹೆದರಿಸುತ್ತಿದ್ದರು. ಎಸೆದದ್ದನ್ನು ನಾನು ಕಂಡಿಲ್ಲ.

ಕೌದಿಯನ್ನು ಕುದಿಸಿದೆ, ಬಾಚಣಿಕೆಯನ್ನು ಹೂಳಿದೆ. ಗಂಡ ಆ ಕೋಣೆಯ ಗೋಡೆಯಲ್ಲಿ ಕಿಟಕಿ ಒಡೆಸಿದ. ಬೆಳಕು ಬಿದ್ದ ಮೇಲೆ ಬಾಗಿಲ ಪಕ್ಕದ ಮೂಲೆ ಬರಿಯ ಮೂಲೆಯಾಗಿ ಕಂಡಿತು. ಆದರೂ ಅಲ್ಲಿ ಏನಾದರೂ ಇಡಲು ಮನಸ್ಸು ಬರದೆ ಖಾಲಿ ಬಿಟ್ಟೆ.

ಮರುವರ್ಷದ ಚಳಿಗಾಲ ಶುರುವಾದಾಗ ಅತ್ತೆ ಸೊರಗಿದರು. ಒಂದು ಮಧ್ಯಾಹ್ನ ನಾನು ಬುತ್ತಿ ಇಟ್ಟು ಸರಿದಾಗ ಅವರು ಎದ್ದು ಬರಲಿಲ್ಲ. ಗುಡಿಸಲ ಬಾಗಿಲಲ್ಲಿ ಕೂತೇ ಹೇಳಿದರು, “ನಿಮ್ಮಕ್ಕ ದಿನಾ ಬರ್ತಾಳ ನೋಡವಾ. ಹೊತ್ತು ನೆತ್ತಿ ಮ್ಯಾಲ ಬಂದಾಗ ಬರ್ತಾಳ. ಇಲ್ಲೇ ಬಾಗಲಾಗ ಕೂಡ್ತಾಳ.”

“ಏನ್ ಅಂತಾಳ್ರಿ, ಅತ್ತಿ?”

“ಏನೂ ಅನ್ನಂಗಿಲ್ಲ. ಕೆಮ್ಮಂಗೂ ಇಲ್ಲ ಈಗ.”

ಗುಡಿಸಲ ಬಾಗಿಲಲ್ಲಿ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ. ನಾನು ನೋಡಿದ್ದು ಬಿಸಿಲನ್ನೇ. ಆದರೆ ಅತ್ತೆ ಬಾಗಿಲ ನಡುವೆ ಕೂತಿರಲಿಲ್ಲ. ಪಕ್ಕಕ್ಕೆ ಸರಿದು, ಇನ್ನೊಬ್ಬರಿಗೆ ಜಾಗ ಬಿಟ್ಟು ಕೂತಿದ್ದರು.

ನಾಲ್ಕು ದಿನಕ್ಕೆ ತೀರಿಕೊಂಡರು. ಹೊಲದಲ್ಲೇ ಸಮಾಧಿ ಮಾಡಿದೆವು. ಗುಡಿಸಲನ್ನು ಸುಡುವ ಮೊದಲು ಪಾತ್ರೆಗಳನ್ನು ತೆಗೆಯಲು ನಾನು ಒಳಗೆ ಹೋದೆ. ತಾಟು ಎರಡು ಇದ್ದವು. ನಾನು ಒಯ್ದು ಕೊಟ್ಟಿದ್ದು ಒಂದು. ಇನ್ನೊಂದು ಒಡೆದ ಗಡಿಗೆಯ ಚಿಪ್ಪು, ಚೆನ್ನಾಗಿ ತೊಳೆದು ತಾಟಿನ ಹಾಗೆ ಮಾಡಿದ್ದು. ಎರಡರಲ್ಲೂ ಅರ್ಧರ್ಧ ರೊಟ್ಟಿ ಒಣಗಿತ್ತು. ಚಿಪ್ಪಿನಲ್ಲಿದ್ದ ರೊಟ್ಟಿಯನ್ನು ಯಾರೂ ಮುರಿದಿರಲಿಲ್ಲ. ಗಂಡ ಹೊರಗಿನಿಂದ ಕೂಗಿದ. ತಾಟನ್ನು ಕುದಿಯುವ ನೀರಿಗೆ ಹಾಕಿದೆ. ಚಿಪ್ಪನ್ನು ಗುಡಿಸಲ ಜೊತೆ ಬಿಟ್ಟೆ.

ನನ್ನ ಕೊರಳಿನ ಗಾಯ ಮಾಯಲು ಎರಡು ವರ್ಷ ಹಿಡಿಯಿತು. ಒಂದು ಮುಚ್ಚಿದರೆ ಇನ್ನೊಂದು ಸೋರುವುದು. ಮಗುವಿನ ಗಂಟು ಒಡೆಯಲೇ ಇಲ್ಲ. ಬಿಸಿಲಿನಲ್ಲಿ ಆಡಿ, ಮೂಗು ಮುಚ್ಚಿಕೊಂಡು ಎಣ್ಣೆ ಕುಡಿದು, ಬೆಳೆದಳು. ಗಂಟು ಸಣ್ಣದಾಗುತ್ತ ಹೋಗಿ ಒಳಗೆ ಕಲ್ಲಾಗಿ ನಿಂತಿತು. ಔರಾದಿನಿಂದ ಅವಳನ್ನು ನೋಡಲು ಬಂದವರಿಗೆ ನಾನು ಏನನ್ನೂ ಮುಚ್ಚದೆ ಹೇಳಿದೆ. ಗಂಡ ಬೇಡವೆಂದು ಕಣ್ಣಲ್ಲೇ ಹೇಳುತ್ತಿದ್ದ. ಬಂದವರು ಎದ್ದು ಹೋದರು. ಎಂಟು ದಿನ ಬಿಟ್ಟು ಮರಳಿ ಬಂದರು, ಡಾಕ್ಟರರಿಗೆ ತೋರಿಸಿ ಆಮೇಲೆ ಮಾತಾಡೋಣವೆಂದರು. ತೋರಿಸಿದೆವು, ಮದುವೆಯಾಯಿತು.

ಈಗ ಅವಳಿಗೆ ಮೂರು ಮಕ್ಕಳು. ನನ್ನ ಹತ್ತಿರ ಯಾವ ಮಗು ಬಂದರೂ ನನ್ನ ಕೈ ಮೊದಲು ಅದರ ದವಡೆಯ ಕೆಳಗೆ ಹೋಗುತ್ತದೆ. ಓಣಿಯ ಮಕ್ಕಳು ಕಚಗುಳಿಯೆಂದು ನಕ್ಕು ಓಡುತ್ತವೆ. ಅಲ್ಲಿ ಏನೂ ಇಲ್ಲವೆಂದು ಗೊತ್ತಾಗುವ ತನಕ ನಾನು ಉಸಿರು ಬಿಡುವುದಿಲ್ಲ.